ಬ್ಯಾಟರಿ ಬಡಿದರೆ ಯಾಕೆ ಹತ್ತುತ್ತೆ? ಜೇಬಿನ ಟಾರ್ಚ್ ಮಾಡಲು ಕೂತ ಏಳು ವಾರ

ಚಿತ್ರದುರ್ಗದ ಸುತ್ತಿನ ಹಳ್ಳಿಗಳಲ್ಲಿ ಟಾರ್ಚಿಗೆ ಬ್ಯಾಟರಿ ಅಂತಲೇ ಹೆಸರು. ಅದರೊಳಗೆ ಹಾಕುವುದು ಸೆಲ್ಲು. ರಾತ್ರಿ ಹೊರಗೆ ಹೊರಟವರು ಬ್ಯಾಟರಿ ಕೈಗೆತ್ತಿಕೊಂಡು ಗುಂಡಿ ಒತ್ತುತ್ತಾರೆ. ಹತ್ತುವುದಿಲ್ಲ. ಅಂಗೈಗೆ ಪಟ್ ಪಟ್ ಅಂತ ಎರಡು ಸಲ ಬಡಿಯುತ್ತಾರೆ. ಹತ್ತುತ್ತದೆ. ಇದರಲ್ಲಿ ಯಾರಿಗೂ ಏನೂ ವಿಶೇಷ ಕಾಣುವುದಿಲ್ಲ.

ನಾನು ಹೈಸ್ಕೂಲಿನ ವಿಜ್ಞಾನ ಮೇಷ್ಟ್ರು. ಎಂಟನೇ ಕ್ಲಾಸಿಗೆ ವಾರಕ್ಕೆರಡು ತಂತ್ರಜ್ಞಾನದ ಪೀರಿಯಡ್ಡು ತೆಗೆದುಕೊಳ್ಳುತ್ತೇನೆ. ಲ್ಯಾಬ್ ಅಂದರೆ ಒಂದು ಬೀರು. ಅದರಲ್ಲಿ ಒಂದು ಮಲ್ಟಿಮೀಟರ್, ಎರಡು ಸೋಲ್ಡರಿಂಗ್ ಐರನ್, ಒಂದಿಷ್ಟು ವೈರು. ಇಷ್ಟರಲ್ಲಿ ಏನು ಮಾಡಿಸಬಹುದು ಅಂತ ಯೋಚಿಸಿ ಜೇಬಿನ ಟಾರ್ಚ್ ಆರಿಸಿಕೊಂಡೆ. ಎರಡು ಪೀರಿಯಡ್ಡಿನಲ್ಲಿ ಮುಗಿದೀತು ಅಂದುಕೊಂಡಿದ್ದೆ. ಏಳು ವಾರ ಹಿಡಿಯಿತು. ದೀಪ ಹತ್ತಿಸುವುದು ಐದು ನಿಮಿಷದ ಕೆಲಸ. ಅದು ಬೇಕಾದಾಗ ಹತ್ತಿ, ಬೇಡವಾದಾಗ ಆರಿ, ಜೇಬಲ್ಲಿ ತೆಪ್ಪಗೆ ಕೂತಿರುವ ಹಾಗೆ ಮಾಡುವುದಕ್ಕೇ ಉಳಿದ ದಿನಗಳೆಲ್ಲ ಹೋದವು.

ಯಾರ ಜೇಬು?

ಮೊದಲ ದಿನ ಮಕ್ಕಳಿಗೆ ಟಾರ್ಚಿನ ಚಿತ್ರ ಬರೆಯಿರಿ ಅಂದೆ. ಎಲ್ಲರೂ ಒಂದೇ ಚಿತ್ರ ಬರೆದರು. ಉದ್ದನೆ ಕೊಳವೆ, ಮುಂದೆ ಅಗಲ ಬಾಯಿ. ಅಂಗಡಿಯಲ್ಲಿ ನೋಡಿದ್ದನ್ನೇ ಇಳಿಸಿದ್ದರು. ಮನೆಗೆ ಹೋಗಿ ಎರಡು ರಾತ್ರಿ ಸುಮ್ನೆ ಗಮನಿಸಿಕೊಂಡು ಬನ್ನಿ ಅಂದೆ. ಮನೆಯಲ್ಲಿ ಯಾರು, ಯಾವಾಗ, ಯಾವ ಕೈಯಲ್ಲಿ ಬೆಳಕು ಹಿಡಿಯುತ್ತಾರೆ? ಆ ಹೊತ್ತಿಗೆ ಇನ್ನೊಂದು ಕೈ ಏನು ಮಾಡುತ್ತಿರುತ್ತದೆ?

ಬಂದ ಉತ್ತರಗಳು ನನ್ನ ಪಾಠಕ್ಕಿಂತ ಚೆನ್ನಾಗಿದ್ದವು. ಒಬ್ಬ ಹುಡುಗನ ಅಪ್ಪ ರಾತ್ರಿ ತ್ರೀ ಫೇಸ್ ಕರೆಂಟ್ ಬಂದಾಗ ತೋಟದ ಮೋಟರ್ ಹಾಕಲು ಹೋಗುತ್ತಾರೆ. ಸ್ಟಾರ್ಟರ್ ಡಬ್ಬಿಯ ಬಾಗಿಲು ತೆಗೆಯಲು ಎರಡೂ ಕೈ ಬೇಕು. ಹಾಗಾಗಿ ಟಾರ್ಚನ್ನು ಬಾಯಲ್ಲಿ ಕಚ್ಚಿಕೊಳ್ಳುತ್ತಾರೆ. ಮೊಬೈಲಲ್ಲೇ ಲೈಟ್ ಇದೆಯಲ್ಲ ಅಂತ ನಾನು ಕೇಳಿದೆ. 'ಕೈ ಒದ್ದೆ ಇರ್ತದೆ ಸಾರ್, ಬಿದ್ರೆ ನೀರಿಗೇ ಬೀಳ್ತದೆ' ಅಂದ. ಇನ್ನೊಬ್ಬ ಹುಡುಗಿಯ ಅಜ್ಜಿಗೆ ಎರಡು ದಪ್ಪ ಸೆಲ್ಲಿನ ಹಳೇ ಟಾರ್ಚ್ ಭಾರ ಆಗಿದೆ. ಅವರಿಗೆ ಎಲೆಅಡಿಕೆ ಸಂಚಿಯೊಳಗೆ ಹಿಡಿಸುವಂಥದ್ದು ಬೇಕು.

ವಿನ್ಯಾಸ ಅಂದರೆ ಅಂದಚೆಂದದ ಮಾತು ಅಂತ ನಾವು ತಿಳಿದುಬಿಟ್ಟಿದ್ದೇವೆ. ಅದಕ್ಕಿಂತ ಮೊದಲು ಷರತ್ತು ಬರೆಯಬೇಕು. ನಮ್ಮ ಹಲಗೆಯ ಮೇಲೆ ಹೀಗೆ ಬರೆದುಕೊಂಡೆವು. ಅಂಗಿಯ ಮೇಲುಜೇಬಿನಲ್ಲಿ ಹಿಡಿಸಬೇಕು. ಜೇಬಿನಲ್ಲಿ ಇಟ್ಟಾಗಲೇ ಮುಂದಕ್ಕೆ ಬೆಳಕು ಬೀಳಬೇಕು. ಸೊಂಟದ ಎತ್ತರದಿಂದ ಬಿದ್ದರೆ ಬಿಚ್ಚಿಹೋಗಬಾರದು. ಸೆಲ್ಲು ಹಳ್ಳಿಯ ಅಂಗಡಿಯಲ್ಲೇ ಸಿಗಬೇಕು. ತಾನೇ ತಾನಾಗಿ ಹತ್ತಿಕೊಳ್ಳಬಾರದು. ಮುಂದೆ ಜಗಳ ಬಂದಾಗಲೆಲ್ಲ ಈ ಹಲಗೆಯನ್ನೇ ನೋಡಿದೆವು. ಜಗಳ ಬೇಕಾದಷ್ಟು ಬಂದವು.

ಎರಡನೇ ಷರತ್ತಿನಿಂದಲೇ ಕೊಳವೆಯ ಚಿತ್ರ ಸತ್ತಿತು. ಜೇಬಲ್ಲಿಟ್ಟ ಕೊಳವೆ ಆಕಾಶಕ್ಕೆ ಬೆಳಕು ಬಿಡುತ್ತದೆ, ಅಲ್ವಾ? ನಮಗೆ ಬೇಕಾದದ್ದು ಚಪ್ಪಟೆ ಡಬ್ಬಿ. ಅದರ ಮೇಲ್ತುದಿ ಜೇಬಿನಿಂದ ಹೊರಗೆ ಇಣುಕಬೇಕು, ದೀಪ ಎದುರುಮುಖವಾಗಿ ಕೂರಬೇಕು.

ಯಾವ ಸೆಲ್ಲು, ಎಷ್ಟು ಸೆಲ್ಲು

ಅಜ್ಜಿಯರು ಬ್ಯಾಟರಿ ಅನ್ನುವುದನ್ನು ಕೇಳಿ ನಗಬೇಡಿ. ಲೆಕ್ಕಕ್ಕೆ ಅವರೇ ಸರಿ. ಒಂದೊಂದು ಸೆಲ್ಲೂ ಸೆಲ್ಲೇ. ಹಲವು ಸೆಲ್ಲು ಕೂಡಿದ್ದಕ್ಕೆ ಬ್ಯಾಟರಿ ಅನ್ನುವುದು ಪುಸ್ತಕದ ಮಾತು.

ಪೆನ್ಸಿಲ್ ಸೆಲ್ಲಾಗಲಿ, ದಪ್ಪ ಸೆಲ್ಲಾಗಲಿ, ಎರಡೂ ಕೊಡುವುದು 1.5 ವೋಲ್ಟ್. ಮಕ್ಕಳು ಇದನ್ನು ನಂಬಲಿಲ್ಲ. ಮೀಟರ್ ಹಿಡಿದು ತೋರಿಸಬೇಕಾಯಿತು. ವೋಲ್ಟ್ ಅಂದರೆ ಓವರ್‌ಹೆಡ್ ಟ್ಯಾಂಕಿನ ಎತ್ತರ. ಸೆಲ್ಲಿನ ಗಾತ್ರ ಅಂದರೆ ಟ್ಯಾಂಕಿನ ಅಗಲ. ಎರಡು ಟ್ಯಾಂಕು ಒಂದೇ ಎತ್ತರದಲ್ಲಿದ್ದರೆ ನಲ್ಲಿಯಲ್ಲಿ ನೀರಿನ ಒತ್ತಡ ಒಂದೇ. ಅಗಲದ್ದರಲ್ಲಿ ನೀರು ಜಾಸ್ತಿ ದಿನ ಬರುತ್ತದೆ, ಅಷ್ಟೇ. ಎತ್ತರ ಹೆಚ್ಚಿಸಬೇಕಾದರೆ ಒಂದರ ಮೇಲೊಂದು ಟ್ಯಾಂಕ್ ಕೂರಿಸಬೇಕು. ಸೆಲ್ಲನ್ನು ಸಾಲಾಗಿ ಜೋಡಿಸುವುದು ಅದಕ್ಕೇ.

ಮೊದಲು ಎಲ್ಲರ ಕಣ್ಣು ಬಿದ್ದದ್ದು ನಾಣ್ಯದಂಥ ಬಟನ್ ಸೆಲ್ಲಿನ ಮೇಲೆ. ಸಿಆರ್2032 ಅಂತ ಅದರ ಹೆಸರು. ಆ ಅಂಕಿಯಲ್ಲೇ ಅಳತೆ ಇದೆ: 20 ಮಿಮೀ ಅಗಲ, 3.2 ಮಿಮೀ ದಪ್ಪ. ಒಂದರಲ್ಲೇ 3 ವೋಲ್ಟ್. ಎಲ್‌ಇಡಿಯ ಎರಡು ಕಾಲುಗಳ ನಡುವೆ ಸಿಕ್ಕಿಸಿದರೆ ಸಾಕು, ಬೆಳಕು. ಇಷ್ಟು ಸುಲಭ ಇರುವಾಗ ಬೇರೆ ಯಾಕೆ ಸಾರ್ ಅಂದರು.

ಎರಡು ಕಾರಣಕ್ಕೆ ಬೇಡ ಅಂದೆ. ಆ ಸೆಲ್ಲಿನಿಂದ ಎಳೆಯಬಹುದಾದ ಕರೆಂಟ್ ಕಡಿಮೆ, ಹೊತ್ತು ಹೋದಂತೆ ಬೇಗ ಮಂಕಾಗುತ್ತದೆ. ಇನ್ನೊಂದು ಕಾರಣ ದೊಡ್ಡದು. ಮನೆಯಲ್ಲಿ ಚಿಕ್ಕ ಮಗು ಇದ್ದು, ಅದು ಈ ಸೆಲ್ಲು ನುಂಗಿದರೆ ಜೀವಕ್ಕೇ ಅಪಾಯ. ಅನ್ನನಾಳದಲ್ಲಿ ಸಿಕ್ಕಿಕೊಂಡ ಬಟನ್ ಸೆಲ್ಲು ಎರಡೇ ಗಂಟೆಯಲ್ಲಿ ಒಳಗೆ ಸುಟ್ಟ ಗಾಯ ಮಾಡಬಲ್ಲದು. ಸೆಲ್ಲು ಸೋರಬೇಕೆಂದೇನಿಲ್ಲ. ಒದ್ದೆ ಮಾಂಸಕ್ಕೆ ಅದರ ಎರಡೂ ಧ್ರುವ ತಾಗಿ ಕರೆಂಟ್ ಹರಿದರೆ ಸಾಕು, ಅಲ್ಲಿ ಕ್ಷಾರ ಹುಟ್ಟುತ್ತದೆ. ಯಾವ ಮಗುವಾದರೂ ನುಂಗಿದ ಅನುಮಾನ ಬಂದರೆ ಕಾಯದೆ ಆಸ್ಪತ್ರೆಗೆ ಓಡಬೇಕು. ಕ್ಲಾಸಿನಲ್ಲಿ ಅರ್ಧಕ್ಕರ್ಧ ಮಕ್ಕಳ ಮನೆಯಲ್ಲಿ ತಮ್ಮನೋ ತಂಗಿಯೋ ಇದ್ದರು. ಬಟನ್ ಸೆಲ್ಲಿನ ಮಾತು ಅಲ್ಲಿಗೆ ಮುಗಿಯಿತು.

ಉಳಿದದ್ದು ಟಿವಿ ರಿಮೋಟಿನ ಸಣ್ಣ ಸೆಲ್ಲು, ಅಂದರೆ ಎಎಎ. 44.5 ಮಿಮೀ ಉದ್ದ, 10.5 ಮಿಮೀ ದಪ್ಪ. ಎಷ್ಟು ಬೇಕು ಅನ್ನುವುದು ದೀಪವನ್ನು ಕೇಳಿ ಹೇಳಬೇಕಾದ ಮಾತು.

ಎಲ್‌ಇಡಿ ಎಂಬ ಒಂದು ದಾರಿಯ ವಾಲ್ವು

ಹಳೇ ಟಾರ್ಚಿನ ಬಲ್ಬು ಬೇರೆ ಜಾತಿ. ಒಳಗೊಂದು ತೆಳು ತಂತಿ, ಅದು ಕಾದು ಬೆಳ್ಳಗಾಗಬೇಕು. ಎರಡು ಸೆಲ್ಲಿನ ಟಾರ್ಚಿನ ಬಲ್ಬಿನ ಮೇಲೆ ಸಾಮಾನ್ಯವಾಗಿ 2.5 ವೋಲ್ಟ್, 0.3 ಆಂಪಿಯರ್ (ಹರಿಯುವ ಕರೆಂಟಿನ ಅಳತೆ) ಅಂತ ಇರುತ್ತಿತ್ತು. ಆ ಶಕ್ತಿಯಲ್ಲಿ ಹೆಚ್ಚಿನ ಪಾಲು ಬಿಸಿಯಾಗಿ ಹೋಗುತ್ತಿತ್ತು. ಹೇಗೆ ತಿರುಗಿಸಿ ಹಾಕಿದರೂ ಹತ್ತುತ್ತಿತ್ತು ಅನ್ನುವುದೊಂದು ಅದರ ಒಳ್ಳೆ ಗುಣ.

ಎಲ್‌ಇಡಿ ಹಾಗಲ್ಲ. ಅದು ಕರೆಂಟನ್ನು ಒಂದೇ ದಿಕ್ಕಿಗೆ ಬಿಡುತ್ತದೆ. ನಮ್ಮ ಮಕ್ಕಳಿಗೆ ಇದು ಹೇಳುವ ಮೊದಲೇ ಅರ್ಥವಾಯಿತು, ಯಾಕೆಂದರೆ ಮೋಟರ್ ಪೈಪಿನ ವಾಲ್ವು ಅವರಿಗೆ ಗೊತ್ತು. ನೀರು ಮೇಲಕ್ಕೆ ಹೋಗುತ್ತದೆ, ವಾಪಸ್ ಇಳಿಯುವುದಿಲ್ಲ. ಎಲ್‌ಇಡಿಯ ಉದ್ದ ಕಾಲು ಪ್ಲಸ್ ಕಡೆಗೆ, ಗಿಡ್ಡ ಕಾಲು ಮೈನಸ್ ಕಡೆಗೆ. ಕಾಲು ಕತ್ತರಿಸಿದ ಮೇಲೆ ಗುರುತು ಹಿಡಿಯಬೇಕಾದರೆ ಕೆಳಗಿನ ಅಂಚನ್ನು ಬೆರಳಲ್ಲಿ ಸವರಿ. ಒಂದು ಕಡೆ ಚಪ್ಪಟೆ ಇರುತ್ತದೆ, ಅದು ಮೈನಸ್.

ವಾಲ್ವು ತೆರೆಯಲು ಒಂದಿಷ್ಟು ಒತ್ತಡ ಬೇಕು. ಕೆಂಪು ಎಲ್‌ಇಡಿಗೆ ಸುಮಾರು 2 ವೋಲ್ಟ್ ಸಾಕು. ಬಿಳಿಯದಕ್ಕೆ 3ರಿಂದ 3.4. ಬಿಳಿಗೆ ಯಾಕೆ ಜಾಸ್ತಿ? ಯಾಕೆಂದರೆ ಅದರ ಹೊಟ್ಟೆಯೊಳಗೆ ಇರುವುದು ಬಿಳಿ ದೀಪವೇ ಅಲ್ಲ, ನೀಲಿ ದೀಪ. ಆ ನೀಲಿಯ ಮೇಲೆ ಹಳದಿ ಪುಡಿಯೊಂದನ್ನು ಬಳಿದಿರುತ್ತಾರೆ. ನೀಲಿ ಬೆಳಕಿನ ಸ್ವಲ್ಪ ಭಾಗ ಪುಡಿಗೆ ತಾಗಿ ಹಳದಿ ಬೆಳಕಾಗುತ್ತದೆ. ನೀಲಿ, ಹಳದಿ ಎರಡೂ ಬೆರೆತು ನಮ್ಮ ಕಣ್ಣಿಗೆ ಬಿಳಿ. ಆರಿದ ಬಿಳಿ ಎಲ್‌ಇಡಿಯನ್ನು ಬಿಸಿಲಿಗೆ ಹಿಡಿದು ಒಳಗೆ ನೋಡಿ, ಹಳದಿ ಚುಕ್ಕೆ ಕಾಣುತ್ತದೆ. ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿ 1962ರಲ್ಲೇ ಬಂದಿತ್ತು. ಚೆನ್ನಾಗಿ ಬೆಳಗುವ ನೀಲಿಗಾಗಿ ಜಗತ್ತು 1990ರ ದಶಕದವರೆಗೂ ಕಾಯಬೇಕಾಯಿತು. ಆ ನೀಲಿಗಾಗಿಯೇ ಅಕಾಸಾಕಿ, ಅಮಾನೋ, ನಕಾಮುರಾ ಎಂಬ ಮೂವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಬಂತು. ಒಂದೆರಡು ರೂಪಾಯಿಗೆ ಸಿಗುವ ಈ ಹರಳಿನ ಹಿಂದೆ ಮೂವತ್ತು ವರ್ಷದ ಪರದಾಟವಿದೆ.

ಈಗ ಸೆಲ್ಲಿನ ಲೆಕ್ಕ. ಎರಡು ಸೆಲ್ಲು ಅಂದರೆ 3 ವೋಲ್ಟ್. ಹೊಸದಿದ್ದಾಗ ಹೇಗೋ ಹತ್ತುತ್ತದೆ. ಸೆಲ್ಲು ಸ್ವಲ್ಪ ಇಳಿದರೂ ದೀಪ ಮಂಕು. ಮೂರು ಸೆಲ್ಲು ಅಂದರೆ 4.5 ವೋಲ್ಟ್, ಅದು ದೀಪಕ್ಕೆ ಜಾಸ್ತಿ. ಸ್ವಲ್ಪ ಜಾಸ್ತಿಯಾದರೆ ಏನಾಗುತ್ತೆ ಅಂತ ಕೇಳಿದರು. ತೋರಿಸಿಬಿಡೋಣ ಅಂತ ನಾನು ಒಂದು ಎಲ್‌ಇಡಿಯನ್ನು 9 ವೋಲ್ಟಿನ ಬ್ಯಾಟರಿಗೆ ನೇರ ತಾಗಿಸಿದೆ. ಕ್ಷಣಮಾತ್ರ ಕಣ್ಣು ಕೋರೈಸಿತು. ಆಮೇಲೆ ಸುಟ್ಟ ವಾಸನೆ. ಚೆನ್ನಾಗಿ ಪಾಠವಾಯಿತು ಅಂದುಕೊಂಡೆ. ಮುಂದಿನ ವಾರದೊಳಗೆ ಆರು ಎಲ್‌ಇಡಿ ಅದೇ ರೀತಿ ಸುಟ್ಟಿದ್ದವು. ಎಲ್ಲರಿಗೂ ಆ ಹೊಳಪು ತಾವೇ ನೋಡಬೇಕಿತ್ತು. ಮುಂದಿನ ವರ್ಷ ಈ ಪ್ರಯೋಗ ಬಾಯಿಮಾತಿನಲ್ಲೇ.

ಸುಡುವುದು ಯಾಕೆ ಅಂದರೆ, ವಾಲ್ವು ಒಮ್ಮೆ ತೆರೆದ ಮೇಲೆ ಒತ್ತಡ ತುಸು ಏರಿದರೂ ಹರಿವು ವಿಪರೀತ ಏರುತ್ತದೆ. ಎಲ್‌ಇಡಿಗೆ ತನ್ನನ್ನು ತಾನೇ ತಡೆದುಕೊಳ್ಳಲು ಬರುವುದಿಲ್ಲ. ಬೇರೆ ಯಾರಾದರೂ ತಡೆಯಬೇಕು. ದಾಳಿಂಬೆ ತೋಟದಲ್ಲಿ ಡ್ರಿಪ್ ಪೈಪಿಗೆ ಡ್ರಿಪ್ಪರ್ ಸಿಕ್ಕಿಸುತ್ತೀವಲ್ಲ, ಆ ಕೆಲಸ ಇಲ್ಲಿ ರೆಸಿಸ್ಟರಿನದು. ಮೋಟರ್ ಎಷ್ಟೇ ಜೋರಾಗಿ ತಳ್ಳಲಿ, ಗಿಡದ ಬುಡಕ್ಕೆ ಬೀಳುವುದು ಹನಿ ಹನಿಯೇ.

ಎಷ್ಟು ಓಮಿನ ರೆಸಿಸ್ಟರ್? ಓಮ್ ಅಂದರೆ ತಡೆಯ ಅಳತೆ. 4.5ರಲ್ಲಿ ದೀಪದ ಪಾಲು 3.1 ಕಳೆಯಿರಿ. ಉಳಿದ 1.4 ವೋಲ್ಟನ್ನು ರೆಸಿಸ್ಟರ್ ಹೊರಬೇಕು. ಸಣ್ಣ 5 ಮಿಮೀ ಎಲ್‌ಇಡಿಗೆ ಮೇಲ್ಮಿತಿ ಸಾಮಾನ್ಯವಾಗಿ 20 ಮಿಲಿಆಂಪಿಯರ್, ಅಂದರೆ 0.02 ಆಂಪಿಯರ್. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ಓಮ್ ಸಿಗುತ್ತದೆ: 1.4ನ್ನು 0.02ರಿಂದ ಭಾಗಿಸಿದರೆ 70. ಅಂಗಡಿಯಲ್ಲಿ ಸಿಗುವ ಹತ್ತಿರದ ಅಳತೆ 68 ಓಮ್. ಮಕ್ಕಳು ಅದನ್ನೇ ತರಲು ಹೊರಟಿದ್ದರು. ಆಗ ಒಬ್ಬಳು ಹೊಸ ಸೆಲ್ಲಿಗೆ ಮೀಟರ್ ಹಿಡಿದು, 'ಸಾರ್, ಇದು 1.6 ತೋರಿಸ್ತಿದೆ' ಅಂದಳು. ಹೌದು, ಹೊಚ್ಚ ಹೊಸ ಸೆಲ್ಲು 1.5ಕ್ಕಿಂತ ಸ್ವಲ್ಪ ಮೇಲೇ ಇರುತ್ತದೆ. ಮೂರಕ್ಕೆ 4.8 ಆಯಿತು. ಈಗ 68 ಓಮ್ ಹಾಕಿದರೆ 25 ಮಿಲಿಆಂಪಿಯರ್, ಮಿತಿ ಮೀರಿತು. 100 ಓಮ್ ಹಾಕಿದರೆ 17, ಸೆಲ್ಲು 1.5ಕ್ಕೆ ಇಳಿದಾಗ 14. ನೂರೇ ಇರಲಿ ಅಂತ ತೀರ್ಮಾನವಾಯಿತು. ರೆಸಿಸ್ಟರಿನ ಅಳತೆಯನ್ನು ಅದರ ಮೈಮೇಲಿನ ಬಣ್ಣದ ಪಟ್ಟಿಗಳೇ ಹೇಳುತ್ತವೆ. ನೂರು ಓಮಿನದು ಕಂದು, ಕಪ್ಪು, ಕಂದು ಪಟ್ಟಿಯದ್ದು.

ಕರೆಂಟ್ ಕಡಿಮೆ ಮಾಡಿದರೆ ಬೆಳಕೂ ಕಡಿಮೆ ಆಗಲ್ವಾ? ಆಗುತ್ತದೆ. ಆದರೆ ನಮ್ಮ ಕಣ್ಣು ಬೆಳಕನ್ನು ತಕ್ಕಡಿಯಲ್ಲಿಟ್ಟ ಹಾಗೆ ಅಳೆಯುವುದಿಲ್ಲ. 20ಕ್ಕೂ 14ಕ್ಕೂ ವ್ಯತ್ಯಾಸ ಪಕ್ಕಪಕ್ಕ ಇಟ್ಟರೂ ಅಷ್ಟಾಗಿ ಕಾಣಲಿಲ್ಲ. ಲಾಭ ಮಾತ್ರ ಕಾಣುತ್ತದೆ. ಒಂದು ಒಳ್ಳೆ ಆಲ್ಕಲೈನ್ ಎಎಎ ಸೆಲ್ಲಿನಲ್ಲಿ ಸುಮಾರು 1000 ಮಿಲಿಆಂಪಿಯರ್-ಗಂಟೆಯಷ್ಟು ದಾಸ್ತಾನು. 14ರಂತೆ ಖರ್ಚು ಮಾಡಿದರೆ 70 ಗಂಟೆ. ದಿನಕ್ಕೆ ಅರ್ಧ ಗಂಟೆ ಹಚ್ಚುವ ಮನೆಗೆ ನಾಲ್ಕು ತಿಂಗಳು ದಾಟುತ್ತದೆ. ಕೊನೆಗೆ ದೀಪ ಒಮ್ಮೆಲೇ ಆರುವುದಿಲ್ಲ, ದಿನದಿನಕ್ಕೆ ಮಂಕಾಗುತ್ತಾ ಹೋಗುತ್ತದೆ.

ಒಂದೇ ಎಲ್‌ಇಡಿ ಸಾಲದು, ಮೂರು ಹಾಕೋಣ ಅನ್ನುವ ಗಲಾಟೆಯೂ ಆಯಿತು. ಹಾಕಬಹುದು, ಆದರೆ ಒಂದೊಂದಕ್ಕೂ ಅದರದೇ ರೆಸಿಸ್ಟರ್ ಬೇಕು. ಮೂರಕ್ಕೂ ಸೇರಿಸಿ ಒಂದೇ ಹಾಕಿದರೆ ಕರೆಂಟ್ ಸಮವಾಗಿ ಹಂಚಿಹೋಗುವುದಿಲ್ಲ. ಯಾವುದು ತುಸು ಬೇಗ ತೆರೆಯುತ್ತದೋ ಅದೇ ಹೆಚ್ಚು ಕುಡಿಯುತ್ತದೆ.

ಮುಟ್ಟುವ ಜಾಗ

ಇಲ್ಲಿಯವರೆಗಿನದು ಎರಡು ವಾರದ ಕಥೆ. ಬೆಂಚಿನ ಮೇಲೆ, ಕೈಯಲ್ಲಿ ವೈರು ಒತ್ತಿ ಹಿಡಿದರೆ ಎಲ್ಲರ ದೀಪವೂ ಹತ್ತುತ್ತಿತ್ತು. ಕೈ ಬಿಟ್ಟರೆ ಇಲ್ಲ. ಆ ಒತ್ತಿ ಹಿಡಿಯುವ ಕೈಗೆ ಬದಲಿ ಹುಡುಕುವುದಕ್ಕೆ ಮೂರು ವಾರ ಹೋಯಿತು.

ಮೊದಲು ಮಕ್ಕಳು ತಂದದ್ದು ಬಿಸ್ಕತ್ತಿನ ಪೊಟ್ಟಣ, ಮಾತ್ರೆ ಪಟ್ಟಿಯ ಬೆಳ್ಳಿಹಾಳೆ. ಹೊಳೆಯುವುದೆಲ್ಲ ಲೋಹ ಅಂತ ಅವರ ಲೆಕ್ಕ. ಬಿಸ್ಕತ್ತಿನ ಪೊಟ್ಟಣ ನಿಜವಾಗಿ ಪ್ಲಾಸ್ಟಿಕ್. ಅದರ ಮೇಲಿನ ಲೋಹ ನೆಪಕ್ಕಷ್ಟೇ. ಮಾತ್ರೆ ಪಟ್ಟಿಯದ್ದು ಅಲ್ಯೂಮಿನಿಯಮ್ಮೇ, ಆದರೆ ಮೇಲೆ ಮೆರುಗಿನ ಪದರ ಬಳಿದಿರುತ್ತಾರೆ. ಒಬ್ಬನಿಗೆ ಅಡುಗೆಮನೆಯ ಫಾಯಿಲ್ ಸಿಕ್ಕಿತು. ಅದು ಕರೆಂಟ್ ಬಿಡುತ್ತದೆ. ಅವನು ಅದನ್ನು ಅಚ್ಚುಕಟ್ಟಾಗಿ ಫೆವಿಕಾಲ್ ಹಾಕಿ ಅಂಟಿಸಿದ. ಮುಟ್ಟಬೇಕಾದ ಮುಖಕ್ಕೂ ಅಂಟು ಮೆತ್ತಿತ್ತು, ಒಣಗಿದ ಅಂಟು ಕರೆಂಟ್ ಬಿಡುವುದಿಲ್ಲ. ಬೆಸುಗೆ ಹಾಕೋಣವೆಂದರೆ ಅಲ್ಯೂಮಿನಿಯಂ ನಮ್ಮ ಸೀಸದ ಬೆಸುಗೆಗೆ ಹಿಡಿಯುವುದೇ ಇಲ್ಲ. ಗಾಳಿ ತಾಗಿದ ಕೂಡಲೇ ಅದರ ಮೇಲೆ ಆಕ್ಸೈಡಿನ ಪೊರೆ ಕಟ್ಟಿಕೊಳ್ಳುತ್ತದೆ.

ಎರಡು ಲೋಹ ಒಂದಕ್ಕೊಂದು ತಾಗಿಕೊಂಡಿವೆ ಅಂತ ನಾವು ಹೇಳುವುದು ಕಣ್ಣಿನ ಮಾತು. ಬಹಳ ದೊಡ್ಡದು ಮಾಡಿ ನೋಡಿದರೆ ಯಾವ ಲೋಹದ ಮೇಲ್ಮೈಯೂ ನುಣುಪಲ್ಲ. ನಮ್ಮ ದುರ್ಗದ ಬೆಟ್ಟವನ್ನು ನೆನೆಸಿಕೊಳ್ಳಿ. ಬಂಡೆ, ಕೊರಕಲು, ಬಂಡೆ. ಅಂಥದ್ದೇ ಇನ್ನೊಂದು ಬೆಟ್ಟವನ್ನು ತಲೆಕೆಳಗು ಮಾಡಿ ಇದರ ಮೇಲೆ ಕೂರಿಸಿದರೆ ಎಷ್ಟು ಕಡೆ ತಾಗೀತು? ನಾಲ್ಕಾರು ಬಂಡೆಯ ತುದಿ ಮಾತ್ರ. ಕರೆಂಟೆಲ್ಲ ಆ ನಾಲ್ಕಾರು ತುದಿಗಳಲ್ಲೇ ನುಸುಳಬೇಕು, ಓಬವ್ವನ ಕಿಂಡಿಯಲ್ಲಿ ಒಬ್ಬೊಬ್ಬರಾಗಿ ತೂರಿದ ಹಾಗೆ. ಆ ತುದಿಗಳ ಮೇಲೂ ತುಕ್ಕು, ಎಣ್ಣೆ, ಸೆಲ್ಲಿನಿಂದ ಸೋರಿದ ಉಪ್ಪು ಕೂತಿದ್ದರೆ ದಾರಿ ಪೂರ್ತಿ ಬಂದ್.

ಈಗ ಬಡಿಯುವ ಗುಟ್ಟು ಬಿಡಿಸಬಹುದು. ಅಂಗೈಗೆ ಬಡಿದಾಗ ಒಳಗಿನ ದಪ್ಪ ಸೆಲ್ಲು ಒಂದು ಕೂದಲೆಳೆಯಷ್ಟು ಜರುಗುತ್ತದೆ. ಹಾಗೆ ಜರುಗುವಾಗ ತುದಿಗಳು ಒಂದಕ್ಕೊಂದು ಉಜ್ಜುತ್ತವೆ. ಪೊರೆ ಹರಿಯುತ್ತದೆ, ಇಲ್ಲವೆಂದರೆ ಪೊರೆ ಇಲ್ಲದ ಹೊಸ ಜಾಗ ತಾಗುತ್ತದೆ. ದೀಪ ಹತ್ತುತ್ತದೆ. ಅಂದರೆ ನಮ್ಮ ಹಳ್ಳಿಯವರು ಬಡಿಯುತ್ತಿದ್ದದ್ದು ಮೂಢನಂಬಿಕೆ ಅಲ್ಲ, ಕಾಂಟ್ಯಾಕ್ಟ್ ಕ್ಲೀನಿಂಗ್. ನಾಳೆ ಮತ್ತೆ ಪೊರೆ ಕಟ್ಟುತ್ತದೆ, ಮತ್ತೆ ಬಡಿಯಬೇಕು.

ಹಳೇ ಬಲ್ಬಿಗೆ ಈ ಕಾಟ ಯಾಕೆ ಜಾಸ್ತಿ ಇತ್ತು ಅನ್ನುವುದಕ್ಕೂ ಲೆಕ್ಕವಿದೆ. ಮುಟ್ಟುವ ಜಾಗದಲ್ಲಿ ಬರೀ 2 ಓಮ್ ಅಡ್ಡಿ ಇದೆ ಅಂತಿಟ್ಟುಕೊಳ್ಳಿ. ಬಲ್ಬು 0.3 ಆಂಪಿಯರ್ ಎಳೆದರೆ ಅಲ್ಲೇ 0.6 ವೋಲ್ಟ್ ಖರ್ಚಾಗಿಹೋಯಿತು. ಇದ್ದದ್ದೇ ಎರಡು ಸೆಲ್ಲಿನ 3 ವೋಲ್ಟ್. ತಂತಿ ಕೆಂಪಗೆ ಮಿಣಕ್ ಅನ್ನುತ್ತಿತ್ತು. ನಮ್ಮ ಎಲ್‌ಇಡಿ ಎಳೆಯುವುದು 14 ಮಿಲಿಆಂಪಿಯರ್. ಅದೇ 2 ಓಮಿನಲ್ಲಿ ಕಳೆದುಹೋಗುವುದು 0.03 ವೋಲ್ಟ್ ಮಾತ್ರ. ಗೊತ್ತೇ ಆಗುವುದಿಲ್ಲ. ಎಲ್‌ಇಡಿ ಟಾರ್ಚುಗಳನ್ನು ನಾವು ಅಷ್ಟಾಗಿ ಬಡಿಯದೆ ಇರುವುದಕ್ಕೆ ಇದೂ ಒಂದು ಕಾರಣ.

ಅಂದಹಾಗೆ ಮೊದಮೊದಲಿನ ಟಾರ್ಚುಗಳ ಪಾಡು ಇನ್ನೂ ಕಷ್ಟ. ಅಮೆರಿಕದಲ್ಲಿ ಡೇವಿಡ್ ಮಿಸೆಲ್ ಎಂಬಾತನಿಗೆ 1899ರ ಜನವರಿಯಲ್ಲಿ ಕೈಟಾರ್ಚಿನ ಪೇಟೆಂಟ್ ಸಿಕ್ಕಿತು. ಕಾಗದದ ಕೊಳವೆ, ಅದರೊಳಗೆ ಸತು-ಕಾರ್ಬನ್ ಸೆಲ್ಲು. ಆಗಿನ ಸೆಲ್ಲು, ಬಲ್ಬು ಎರಡೂ ದುರ್ಬಲ. ಒಂದೇ ಸಮನೆ ಹಚ್ಚಿಡಲು ಆಗುತ್ತಿರಲಿಲ್ಲ. ಒಮ್ಮೆ ಮಿಂಚಿಸಿ, ಆರಿಸಿ, ಸೆಲ್ಲಿಗೆ ಸುಧಾರಿಸಿಕೊಳ್ಳಲು ಬಿಡಬೇಕಿತ್ತು. ಮಿಂಚುವ ದೀಪ ಅಂತಲೇ ಅದಕ್ಕೆ ಫ್ಲ್ಯಾಶ್‌ಲೈಟ್ ಅನ್ನುವ ಹೆಸರು ಬಂತು.

ನಮ್ಮ ಸಮಸ್ಯೆಗೆ ಉತ್ತರ ಗುಜರಿ ಅಂಗಡಿಯಲ್ಲಿತ್ತು. ಸತ್ತ ರಿಮೋಟುಗಳು. ಒಂದೊಂದರಲ್ಲೂ ಎಎಎ ಸೆಲ್ಲಿಗೆಂದೇ ಮಾಡಿದ ಸ್ಪ್ರಿಂಗು, ತಗಡು ಇರುತ್ತವೆ. ಸ್ಪ್ರಿಂಗಿನ ಕೆಲಸ ಕರೆಂಟ್ ಒಯ್ಯುವುದು ಮಾತ್ರ ಅಲ್ಲ, ಸದಾ ಒತ್ತಿಕೊಂಡಿರುವುದು. ಆ ಒತ್ತಿ ಹಿಡಿಯುವ ಕೈಗೆ ಬದಲಿ ಅಂದೆನಲ್ಲ, ಅದು ಇದೇ. ಸ್ಪ್ರಿಂಗು ಸಾಲದವರು ಹಾಲಿನ ಪುಡಿ ಡಬ್ಬಿಯ ತಗಡು ಕತ್ತರಿಸಿ, ಬಿಲ್ಲಿನ ಹಾಗೆ ಬಾಗಿಸಿ ಹಾಕಿದರು. ಡಬ್ಬಿಯ ತಗಡಿಗೂ ವಾರ್ನಿಷ್ ಇರಬಹುದು. ಉಪ್ಪಿನ ಕಾಗದದಲ್ಲಿ ಉಜ್ಜಿ, ಮೀಟರಿನಲ್ಲಿ ನೋಡಿಯೇ ಬಳಸಬೇಕು. ಅಂಚು ಕೈ ಕೊಯ್ಯುತ್ತದೆ, ಮಡಚಿಕೊಳ್ಳಿ.

ಮೂರು ಸೆಲ್ಲು ಪಕ್ಕಪಕ್ಕ ಮಲಗಿಸುವಾಗ ನಡುವಿನದನ್ನು ತಲೆಕೆಳಗಾಗಿಸಬೇಕು. ಒಂದರ ಪ್ಲಸ್ಸಿನಿಂದ ಪಕ್ಕದ್ದರ ಮೈನಸ್ಸಿಗೆ, ಅಲ್ಲಿಂದ ಮುಂದಕ್ಕೆ, ದಾರಿ ಹಾವಿನ ಹಾಗೆ ಹೊರಳುತ್ತದೆ.

ಡಬ್ಬಿ, ಗುಂಡಿ

25 ಮಿಮೀ ಕರೆಂಟ್ ಪೈಪಿನಲ್ಲಿ ಮೂರು ಸೆಲ್ಲನ್ನು ತ್ರಿಕೋನವಾಗಿ ತುರುಕಬಹುದು ಅಂತ ಒಂದು ಗುಂಪು ಹಟ ಹಿಡಿಯಿತು. ಲೆಕ್ಕ ಹಾಕಿದರೆ ಮೂರು ಸೆಲ್ಲಿನ ಕಟ್ಟಿಗೆ 22.6 ಮಿಮೀ ಅಗಲದ ವೃತ್ತ ಬೇಕು. 25ರಲ್ಲಿ 22.6 ಹಿಡಿಸುತ್ತದೆ ಅಂದರು. ಪೈಪ್ ತಂದರು. ಸೆಲ್ಲು ಒಳಗೆ ಹೋಗಲೇ ಇಲ್ಲ. 25 ಅನ್ನುವುದು ಪೈಪಿನ ಹೊರ ಅಳತೆ. ಗೋಡೆಯ ದಪ್ಪ ಕಳೆಯುವುದನ್ನು ಮರೆತಿದ್ದರು. ನಾನೂ ಮರೆತಿದ್ದೆ, ಆದರೆ ಅದನ್ನು ಹೇಳಲಿಲ್ಲ. ಹೇಗಿದ್ದರೂ ಕೊಳವೆ ಬೇಡ ಅಂತ ಹಲಗೆಯ ಮೇಲಿನ ಷರತ್ತೇ ಹೇಳಿತ್ತಲ್ಲ.

ಡಬ್ಬಿಗೆ ಬ್ಯಾನರ್ ಅಂಗಡಿಯಲ್ಲಿ ಉಳಿದ ಸನ್‌ಬೋರ್ಡ್ ಎಂಬ ಗಟ್ಟಿ ಫೋಮ್ ಹಾಳೆಯ ತುಂಡುಗಳನ್ನು ಕೇಳಿ ತಂದೆವು. 3 ಮಿಮೀ ದಪ್ಪ, ಹಗುರ, ಕಟರಿನಲ್ಲಿ ಕೊಯ್ಯಬಹುದು. ಮೊದಲು ನೋಟ್‌ಬುಕ್ಕಿನ ರಟ್ಟಿನಲ್ಲಿ ಒಂದು ಮಾದರಿ ಕಟ್ಟಿ ಜೇಬಿಗೆ ಹಾಕಿ ನೋಡುವುದು ಕಡ್ಡಾಯ ಮಾಡಿದ್ದೆ. ಅದರಿಂದ ಎಷ್ಟೋ ಸನ್‌ಬೋರ್ಡ್ ಉಳಿಯಿತು. ಕೊನೆಗೆ ಬಂದ ಹೊರ ಅಳತೆ ಸುಮಾರು 70 ಮಿಮೀ ಉದ್ದ, 39 ಅಗಲ, 18 ದಪ್ಪ. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು.

ಗುಂಡಿಯ ವಿಷಯದಲ್ಲಿ ಎರಡು ಪಕ್ಷ. ಒತ್ತಿದಾಗ ಮಾತ್ರ ಹತ್ತುವ ಗುಂಡಿ ಸೆಲ್ಲು ಉಳಿಸುತ್ತದೆ ಅಂತ ಒಂದು ಪಕ್ಷ. ಸ್ಟಾರ್ಟರ್ ಮುಂದೆ ನಿಂತ ಅಪ್ಪ ಯಾವ ಕೈಯಲ್ಲಿ ಒತ್ತಬೇಕು ಅಂತ ಇನ್ನೊಂದು. ಹಲಗೆ ನೋಡಿದೆವು, ಜಾರುಗುಂಡಿ ಗೆದ್ದಿತು. ಅದು ಜೇಬಿನಲ್ಲಿ ಉಜ್ಜಿ ತಾನಾಗಿ ಹತ್ತಬಾರದಲ್ಲ, ಅದಕ್ಕೆ ಗುಂಡಿಯ ಸುತ್ತ ಇನ್ನೊಂದು ಪದರ ಸನ್‌ಬೋರ್ಡ್ ಅಂಟಿಸಿ ಅದನ್ನು ತಗ್ಗಿನಲ್ಲಿ ಕೂರಿಸಿದೆವು. ಬೆರಳ ತುದಿ ಹೋಗುತ್ತದೆ, ಬಟ್ಟೆ ಹೋಗುವುದಿಲ್ಲ. ಇಡೀ ಕೆಲಸದಲ್ಲಿ ನನಗೆ ತುಂಬ ಇಷ್ಟವಾದ ಭಾಗ ಇದು. ಖರ್ಚು ಸೊನ್ನೆ.

ಗುಂಡಿಯನ್ನು ಪ್ಲಸ್ ಕಡೆ ಹಾಕಬೇಕೋ ಮೈನಸ್ ಕಡೆಯೋ ಅಂತ ಕೇಳುತ್ತಿದ್ದರು. ಎಲ್ಲಿ ಹಾಕಿದರೂ ಒಂದೇ. ಉಂಗುರದ ಹಾಗೆ ಒಂದೇ ದಾರಿ ಇರುವಾಗ ಎಲ್ಲಿ ಕಡಿದರೂ ಹರಿವು ನಿಲ್ಲುತ್ತದೆ.

ಕತ್ತಲು ಎಲ್ಲಿ ಸಿಗುತ್ತೆ?

ಟಾರ್ಚನ್ನು ಹಗಲು ಹನ್ನೊಂದು ಗಂಟೆಗೆ ಪರೀಕ್ಷಿಸುವುದು ಹೇಗೆ? ನಮ್ಮ ಊರಿನವರಿಗೆ ಇದಕ್ಕೆ ಒಳ್ಳೆ ಉತ್ತರವಿದೆ. ಚಂದ್ರವಳ್ಳಿ. ಅಂಕಲಿ ಮಠದ ಗುಹೆಗೆ ಇಳಿದರೆ ನಡುಹಗಲಲ್ಲೂ ಕೈಗೆ ಕೈ ಕಾಣುವುದಿಲ್ಲ.

ಅಲ್ಲಿಗೆ ಹೋಗುವವರೆಗೆ ದೂರಕ್ಕೆ ಹೋಗುವ ಬೆಳಕೇ ಒಳ್ಳೇ ಬೆಳಕು ಅಂತ ಎಲ್ಲರೂ ನಂಬಿದ್ದರು. ಎಲ್‌ಇಡಿಯ ಗುಮ್ಮಟದಂಥ ತಲೆಯೇ ಒಂದು ಮಸೂರ. ಹಾಗಾಗಿ ಹಳೇ ಟಾರ್ಚಿನಂತೆ ಬಟ್ಟಲಿನಾಕಾರದ ಕನ್ನಡಿ ಬೇಕಿಲ್ಲ. ಬೆಳಕು ಎಷ್ಟು ಹರಡಬೇಕು ಅಂತ ಅದರ ಕೋನ ಹೇಳುತ್ತದೆ. 15 ಡಿಗ್ರಿಯದ್ದು ಎರಡು ಮೀಟರ್ ದೂರದಲ್ಲಿ ಅರ್ಧ ಮೀಟರಿನ ಚಿಕ್ಕ ವೃತ್ತ ಬೀಳಿಸುತ್ತದೆ, 30 ಡಿಗ್ರಿಯದ್ದು ಒಂದು ಮೀಟರಿನದು. ಬೆಳಕು ಅಷ್ಟೇ ಇರುತ್ತದೆ, ಹರಡುವ ಜಾಗ ನಾಲ್ಕು ಪಟ್ಟು. ಗುಹೆಯಲ್ಲಿ ಚಿಕ್ಕ ವೃತ್ತದವರು ಎದುರು ಗೋಡೆಯನ್ನು ಚೆನ್ನಾಗಿ ನೋಡಿದರು, ಕಾಲಡಿಯ ಮೆಟ್ಟಿಲು ಎಡವಿದರು. ತೋಟದ ಬದುವಿನಲ್ಲಿ ಹಾವು ಇರುವುದು ಎದುರು ಗೋಡೆಯ ಮೇಲಲ್ಲ, ಮುಂದಿನ ಹೆಜ್ಜೆಯ ಹತ್ತಿರ. ವಾಪಸ್ ಬಂದು ಹೆಚ್ಚಿನವರು ಎಲ್‌ಇಡಿಯ ತಲೆಯನ್ನು ನುಣುಪು ಉಪ್ಪಿನ ಕಾಗದದಲ್ಲಿ ಉಜ್ಜಿ ಮಬ್ಬು ಮಾಡಿಕೊಂಡರು. ಮಸೂರ ಕೆಟ್ಟಿತು, ಬೆಳಕು ಅಗಲವಾಯಿತು.

ಸಂಚಿಯ ಅಜ್ಜಿಯ ಟಾರ್ಚ್ ಒಂದು ತಿಂಗಳಿಗೇ ವಾಪಸ್ ಬಂತು. ಅಜ್ಜಿ ತಾವೇ ಬಂದಿದ್ದರು. 'ಮೇಷ್ಟ್ರೇ, ಮಂಕಾಗೈತೆ. ಇದ್ಕೆ ಎಲ್ಲಿ ಬಡೀಬೇಕು?' ಅಂದರು. ಮೊಮ್ಮಗಳು ನಾಚಿ ಪಕ್ಕಕ್ಕೆ ಸರಿದಳು. ನಾಲ್ಕು ತಿಂಗಳು ಅಂತ ಲೆಕ್ಕ ಹಾಕಿದ್ದವಳು ಅವಳೇ.

ಸಂಚಿಯಲ್ಲಿ ಸುಣ್ಣವಿರುತ್ತದೆ, ಒದ್ದೆ ಎಲೆ ಇರುತ್ತದೆ, ಮುಟ್ಟುವ ಜಾಗವೇ ಕೆಟ್ಟಿರಬೇಕು ಅಂದುಕೊಂಡೆ. ಬಿಚ್ಚಿದರೆ ತಗಡೆಲ್ಲ ಫಳಫಳ. ಮೂರು ಸೆಲ್ಲಿಗೂ ಮೀಟರ್ ಹಿಡಿದೆವು. 1.4, 1.4, ಮೂರನೆಯದು 0.3. ಮೂರೂ ಒಟ್ಟಿಗೇ ಹಾಕಿದ ಸೆಲ್ಲು, ಒಂದೇ ದಾರಿಯಲ್ಲಿ ಒಂದೇ ಕರೆಂಟ್ ಹರಿದಿದೆ. ಒಂದು ಮಾತ್ರ ಇಷ್ಟು ಇಳಿಯುವುದು ಅಪರೂಪ. ಹತ್ತಿರ ಹಿಡಿದು ನೋಡಿದರೆ ಅದರ ಮೈಯ ಬಣ್ಣವೇ ಬೇರೆ.

'ಅದಾ?' ಅಂದರು ಅಜ್ಜಿ. 'ರಾತ್ರಿ ಧಾರಾವಾಹಿ ಟೈಮಿಗೆ ರಿಮೋಟು ಕೆಲ್ಸ ಮಾಡ್ಲಿಲ್ಲ. ಅದರದ್ದು ಇದಕ್ಕೆ, ಇದರದ್ದು ಅದಕ್ಕೆ ಹಾಕಿದೆ.'